ಫೈನ್‌ಮನ್ ನಗಿಸಿದಾಗ ಯಾರು ನಗಲಿಲ್ಲ?

(ಓದುಗರ ಬಳಗವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇವತ್ತು ಮಾತಾಡುವುದು ಒಂದು ಪುಸ್ತಕದ ಬಗ್ಗೆ. ಅದಕ್ಕಿಂತ ಜಾಸ್ತಿ, ಅದನ್ನು ಓದಿದವರ ಬಗ್ಗೆ. ಪುಸ್ತಕ ರಿಚರ್ಡ್ ಫೈನ್‌ಮನ್ ಅವರ 'ಶೂರ್ಲಿ ಯು ಆರ್ ಜೋಕಿಂಗ್, ಮಿಸ್ಟರ್ ಫೈನ್‌ಮನ್'. 1985ರಲ್ಲಿ ಅಮೆರಿಕದಲ್ಲಿ ಬಂತು. ಬರೆದವರಿಗೆ 1965ರಲ್ಲೇ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಆದರೆ ಸಾಮಾನ್ಯ ಓದುಗರಿಗೆ ಅವರು ಪರಿಚಯವಾದದ್ದು ಈ ಪುಸ್ತಕದಿಂದ. ಪುಸ್ತಕ ಬಂದ ಮರುವರ್ಷ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾದಾಗ ತನಿಖಾ ಆಯೋಗದಲ್ಲಿ ಕೂತು, ಅದರ ರಬ್ಬರ್ ಉಂಗುರದ ಚೂರನ್ನು ಐಸ್ ನೀರಿನಲ್ಲಿ ಅದ್ದಿ, ಚಳಿಗೆ ಅದು ಸೆಟೆದುಕೊಳ್ಳುತ್ತೆ ಅಂತ ತೋರಿಸಿದರಲ್ಲ, ಆಮೇಲಂತೂ ಕೇಳುವುದೇ ಬೇಡ.

ಪುಸ್ತಕ ಅಂದೆ. ನಿಜ ಹೇಳಬೇಕೆಂದರೆ ಅದು ಮಾತು. ಫೈನ್‌ಮನ್ ಕೂತು ಬರೆದದ್ದಲ್ಲ. ರಾಲ್ಫ್ ಲೇಟನ್ ಅನ್ನುವ ಗೆಳೆಯನ ಜೊತೆ ಅವರು ಡ್ರಮ್ ಬಾರಿಸುತ್ತಿದ್ದರು. ಬಾರಿಸುವುದರ ನಡುವೆ ಕಥೆ ಹೇಳುತ್ತಿದ್ದರು. ಲೇಟನ್ ಅದನ್ನು ಟೇಪ್ ಮಾಡಿಕೊಂಡು ಬರಹಕ್ಕೆ ಇಳಿಸಿದರು. ಎಡ್ವರ್ಡ್ ಹಚಿಂಗ್ಸ್ ಅನ್ನುವವರು ಸಂಪಾದಿಸಿದರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಎಷ್ಟೋ ಸಲ ಹೇಳಿ ಹೇಳಿ ನುಣುಪಾದ ಕಥೆಗಳಿವು. ಎಲ್ಲಿ ನಿಲ್ಲಿಸಿದರೆ ನಗು ಬರುತ್ತೆ ಅನ್ನುವುದು ಹೇಳುವವರಿಗೆ ಮೊದಲೇ ಗೊತ್ತಿದೆ.

ಹೆಸರಿನ ಕಥೆಯಿಂದಲೇ ಶುರು ಮಾಡೋಣ. ಎಂಐಟಿ ಮುಗಿಸಿದ ಹುಡುಗ ಪ್ರಿನ್ಸ್‌ಟನ್‌ಗೆ ಬರುತ್ತಾನೆ. ಮೊದಲ ದಿನವೇ ಡೀನ್ ಮನೆಯ ಚಹಾ ಕೂಟ. ಹುಡುಗ ನ್ಯೂಯಾರ್ಕಿನ ಫಾರ್ ರಾಕವೇ ಕಡೆಯವನು, ಇಂಥ ಕೂಟ ಕಂಡವನಲ್ಲ. ಡೀನ್ ಹೆಂಡತಿ ಕೇಳುತ್ತಾರೆ, ಚಹಾಕ್ಕೆ ಕ್ರೀಮೋ ನಿಂಬೆಯೋ ಅಂತ. ಎಲ್ಲಿ ಕೂರಬೇಕು ಅಂತ ನೋಡುತ್ತಿದ್ದ ಇವನು "ಎರಡೂ ಇರಲಿ" ಅನ್ನುತ್ತಾನೆ. ಹಾಲಿಗೆ ನಿಂಬೆ ಹಿಂಡಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಕೆ ಹೆಹ್ಹೆ ಅಂತ ನಕ್ಕು ಹೇಳಿದ ಮಾತೇ ಪುಸ್ತಕದ ಹೆಸರಾಯಿತು. ನೀವು ತಮಾಷೆ ಮಾಡ್ತಿದ್ದೀರಿ ಅಲ್ವಾ, ಅಂತ. ಆ ನಗು ಜೋಕಿಗೆ ಬಂದ ನಗು ಅಲ್ಲ. ನೀನು ಇಲ್ಲಿಯವನಲ್ಲ ಅಂತ ಮರ್ಯಾದೆಯಿಂದ ತಿಳಿಸುವ ನಗು. ಅಂದರೆ ಹೆಸರು ಕೊಟ್ಟ ಕಥೆಯಲ್ಲಿ ನಗೆಗೆ ಗುರಿಯಾದವರು ಫೈನ್‌ಮನ್ನೇ.

ಆದರೆ ಮುಂದಿನ ಕಥೆಗಳಲ್ಲಿ ಹಾಗಿಲ್ಲ. ಅಲ್ಲಿ ನಗಿಸುವವರು ಫೈನ್‌ಮನ್, ಗುರಿಯಾಗುವವರು ಬೇರೆ ಯಾರೋ. ಈ ಪುಸ್ತಕವನ್ನು ಜನ ಯಾಕೆ ಇಷ್ಟೊಂದು ಪ್ರೀತಿಸುತ್ತಾರೆ, ಯಾಕೆ ಕೆಲವರಿಗೆ ಸಿಟ್ಟು ಬರುತ್ತೆ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇಷ್ಟೇ: ಆ ಕಥೆ ನಡೆಯುವಾಗ ನೀವು ಅಲ್ಲಿದ್ದಿದ್ದರೆ, ಯಾರ ಜಾಗದಲ್ಲಿ ಇರುತ್ತಿದ್ದಿರಿ?

ರೇಡಿಯೋ ಕಥೆ ತಗೊಳ್ಳಿ. ಅಮೆರಿಕದ ದೊಡ್ಡ ಆರ್ಥಿಕ ಕುಸಿತದ ಕಾಲ. ಕೆಟ್ಟ ರೇಡಿಯೋ ರಿಪೇರಿಗೆ ಕಡಿಮೆ ದುಡ್ಡಿಗೆ ಸಿಗುವ ಹುಡುಗನನ್ನು ಕರೆಯುತ್ತಾರೆ. ಆ ಮನೆಯ ರೇಡಿಯೋ ಹಚ್ಚಿದ ತಕ್ಷಣ ಕರ್ಕಶವಾಗಿ ಕೂಗಿ, ಆಮೇಲೆ ಸುಮ್ಮನಾಗುತ್ತೆ. ಹುಡುಗ ಅದನ್ನು ಬಿಚ್ಚುವುದಿಲ್ಲ. ಅತ್ತಿಂದಿತ್ತ ಓಡಾಡುತ್ತಾನೆ. ಮನೆಯವನಿಗೆ ರೇಗುತ್ತೆ, ಏನಯ್ಯಾ ಮಾಡ್ತಿದ್ದೀಯ ಅಂತ. "ಯೋಚನೆ ಮಾಡ್ತಿದ್ದೀನಿ" ಅನ್ನುತ್ತಾನೆ ಹುಡುಗ. ಕೊನೆಗೆ ಟ್ಯೂಬುಗಳನ್ನು ಅದಲು ಬದಲು ಮಾಡುತ್ತಾನೆ, ಗಲಾಟೆ ನಿಲ್ಲುತ್ತೆ. ಮೊದಲು ನಂಬದಿದ್ದ ಮನುಷ್ಯನೇ ಆಮೇಲೆ ಊರೆಲ್ಲ ಹೇಳಿಕೊಂಡು ಬರುತ್ತಾನೆ, ಈ ಹುಡುಗ ಯೋಚನೆ ಮಾಡಿಯೇ ರೇಡಿಯೋ ರಿಪೇರಿ ಮಾಡ್ತಾನೆ ಅಂತ. ಇಲ್ಲಿ ಯಾರಿಗೂ ನೋವಿಲ್ಲ. ಓದಿದ ಪ್ರತಿಯೊಬ್ಬರೂ ತಾವೇ ಆ ಹುಡುಗ ಅಂದುಕೊಳ್ಳುತ್ತಾರೆ. ಎಂಜಿನಿಯರ್‌ಗಳು ಈ ಪುಸ್ತಕವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಈ ಅಧ್ಯಾಯದ ಬಲದಿಂದಲೇ.

ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವವರನ್ನು ಕೇಳಿದರೆ ಅವರು ಹೇಳುವ ಅಧ್ಯಾಯ ಬೇರೆ. ಲಾಸ್ ಅಲಮೋಸ್‌ನ ತಿಜೋರಿ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಅಣುಬಾಂಬ್ ಕಟ್ಟಿದ ಜಾಗ ಅದು, ಫೈನ್‌ಮನ್ ಅಲ್ಲಿ ಕೆಲಸ ಮಾಡುತ್ತಿದ್ದರು. ಅಣುಬಾಂಬಿನ ಗುಟ್ಟುಗಳನ್ನು ನಂಬರ್ ಬೀಗದ ಕಪಾಟುಗಳಲ್ಲಿ ಇಟ್ಟಿದ್ದರು. ಮೂರು ನಂಬರ್, ಪ್ರತಿಯೊಂದೂ 0ಯಿಂದ 99ರ ಒಳಗೆ. ಲೆಕ್ಕಕ್ಕೆ ಹತ್ತು ಲಕ್ಷ ಸಾಧ್ಯತೆ. ಆದರೆ ಬೀಗ ಒಂದೆರಡು ಅಂಕಿ ಅತ್ತಿತ್ತ ಆದರೂ ಒಪ್ಪಿಕೊಳ್ಳುತ್ತಿತ್ತು. ಹಾಗಾಗಿ ಐದಕ್ಕೊಂದು ನಂಬರ್ ನೋಡಿದರೆ ಸಾಕು, ಸಾಧ್ಯತೆ 8000ಕ್ಕೆ ಇಳಿಯಿತು. ಕಪಾಟು ತೆರೆದಿದ್ದಾಗ ಸುಮ್ನೆ ಒರಗಿ ನಿಂತು ಬೀಗ ತಿರುಗಿಸುತ್ತಾ ಹರಟೆ ಹೊಡೆದರೆ ಕೊನೆಯ ಎರಡು ನಂಬರ್ ಗೊತ್ತಾಗುತ್ತಿತ್ತು. ಆಗ ಉಳಿಯುವುದು ಬರೀ 20. ಗೆಳೆಯರು ಬಂದು ತುರ್ತಾಗಿ ಒಂದು ಕಾಗದ ಬೇಕು, ಕಪಾಟಿನವರು ಊರಲ್ಲಿಲ್ಲ ಅಂದರೆ ಇವರು ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೀಗ ತೆರೆಯಲು ಒಂದೆರಡು ನಿಮಿಷ ಸಾಕಾಗುತ್ತಿತ್ತು. ಆದರೂ ಕಷ್ಟದ ಕೆಲಸ ಅಂತ ಕಾಣಲಿ ಅಂತ ಅಲ್ಲೇ ಪತ್ರಿಕೆ ಓದುತ್ತಾ ಕೂತು, ತಡವಾಗಿ ಹೊರಗೆ ಬರುತ್ತಿದ್ದರು.

ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದವರು ಬಾಂಬಿಗೆ ಯುರೇನಿಯಂ ತಯಾರಿಸುತ್ತಿದ್ದ ಓಕ್ ರಿಜ್‌ನ ಕರ್ನಲ್. ಅವರ ದೊಡ್ಡ ತಿಜೋರಿಯನ್ನೇ ಫೈನ್‌ಮನ್ ತೆರೆದು ತೋರಿಸುತ್ತಾರೆ. ಬಾಗಿಲು ತೆರೆದಿಟ್ಟು ಕೆಲಸ ಮಾಡಬೇಡಿ, ಅಪಾಯ ಇರುವುದು ಅಲ್ಲಿ, ಅಂತ ವಿವರಿಸುತ್ತಾರೆ. ಕರ್ನಲ್ ಅರ್ಥವಾಯಿತು ಅನ್ನುತ್ತಾರೆ. ಮುಂದಿನ ಸಲ ಫೈನ್‌ಮನ್ ಹೋದಾಗ ಎಲ್ಲರೂ ಹೌಹಾರುತ್ತಾರೆ, ಒಳಗೆ ಬರಬೇಡಿ ಅಂತ. ಕರ್ನಲ್ ಸುತ್ತೋಲೆ ಕಳಿಸಿದ್ದರಂತೆ: ಕಳೆದ ಸಲ ಈ ಮನುಷ್ಯ ನಿಮ್ಮ ಕಚೇರಿಯ ಹತ್ತಿರ ಸುಳಿದಿದ್ದನಾ? ಹಾಗಾದರೆ ನಂಬರ್ ಬದಲಿಸಿ! ತೆರೆದ ಬಾಗಿಲು ತೆರೆದೇ ಇತ್ತು. ಸರ್ಕಾರಿ ಕಚೇರಿಯಲ್ಲಿ ಒಂದು ದಿನವಾದರೂ ಕೆಲಸ ಮಾಡಿದವರಿಗೆ ಈ ಸುತ್ತೋಲೆಯ ವಾಸನೆ ಗೊತ್ತು. (ಮುಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕರು.) ನೋಡಿ, ಇಲ್ಲೂ ಒಬ್ಬರು ಗುರಿಯಾದರು. ಆದರೆ ಅವರು ಕರ್ನಲ್. ಅಧಿಕಾರ ಇದ್ದವರು. ನಮಗೆ ಪಾಪ ಅನಿಸುವುದಿಲ್ಲ.

ನಮ್ಮ ದೇಶದ ಓದುಗರು ಎದೆ ಮುಟ್ಟಿ ನೋಡಿಕೊಳ್ಳುವ ಭಾಗ ಬ್ರೆಜಿಲ್‌ನದು. 1950ರ ದಶಕದ ಆರಂಭದಲ್ಲಿ ಫೈನ್‌ಮನ್ ರಿಯೋದಲ್ಲಿ ಪಾಠ ಮಾಡಿದರು. ಅಲ್ಲಿನ ವಿದ್ಯಾರ್ಥಿಗಳಿಗೆ ಬ್ರೂಸ್ಟರ್ ಕೋನದ ಸೂತ್ರ ಬಾಯಿಪಾಠ. ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಧ್ರುವೀಕರಣ ಆಗುತ್ತೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ, ಅಂತಲೂ ಗೊತ್ತು. ಕಿಟಕಿಯಾಚೆ ಕಡಲು ಹೊಳೆಯುತ್ತಿದೆ. ಕೈಯಲ್ಲಿ ಪೋಲರಾಯ್ಡ್ ಹಾಳೆ ಇದೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು. ಆ ಹಾಳೆಯಲ್ಲಿ ಕಡಲನ್ನು ನೋಡಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ. ನೋಡಿ, ತಿರುಗಿಸಿ ಅಂದ ಮೇಲೆ "ಓ! ಧ್ರುವೀಕರಣ ಆಗಿದೆ!" ಅಂದರು. ವರ್ಷದ ಕೊನೆಗೆ ಒಂದು ಉಪನ್ಯಾಸ. ಎದುರಿಗೆ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಅಧಿಕಾರಿಗಳು. ಬ್ರೆಜಿಲ್‌ನಲ್ಲಿ ವಿಜ್ಞಾನ ಕಲಿಸುತ್ತಲೇ ಇಲ್ಲ ಅಂತ ತೋರಿಸುವುದೇ ನನ್ನ ಉದ್ದೇಶ ಅಂತ ಫೈನ್‌ಮನ್ ಶುರು ಮಾಡಿದರು. ಪಠ್ಯಪುಸ್ತಕ ತಗೊಂಡು, ಬೆರಳಿಗೆ ಸಿಕ್ಕಿದ ಪುಟ ತೆರೆದು ಓದಿದರು. ಹರಳುಗಳನ್ನು ಪುಡಿ ಮಾಡಿದಾಗ ಬರುವ ಬೆಳಕಿಗೆ ಟ್ರೈಬೊಲ್ಯುಮಿನಸೆನ್ಸ್ ಎನ್ನುತ್ತಾರೆ. ಅಷ್ಟೇ. ಯಾವ ಹರಳು, ಯಾಕೆ, ಮನೆಯಲ್ಲಿ ನೋಡಬಹುದಾ, ಏನೂ ಇಲ್ಲ.

ಇದನ್ನು ಓದಿದಾಗ ಎರಡನೇ ಪಿಯುಸಿಯ ನೋಟ್ಸ್ ನೆನಪಾಗದವರು ಯಾರಿದ್ದೀರಿ? 'ವ್ಯಾಖ್ಯೆ ಬರೆಯಿರಿ, 2 ಅಂಕ'. ಬ್ರೆಜಿಲ್ ಅಂತ ಇರುವಲ್ಲಿ ಇಂಡಿಯಾ ಅಂತ ಹಾಕಿಕೊಂಡು ಓದುವವರೇ ನಮ್ಮಲ್ಲಿ ಜಾಸ್ತಿ. ಆದರೆ ನನಗೆ ಇಲ್ಲೊಂದು ತಕರಾರಿದೆ. ನಾವು ಈ ಅಧ್ಯಾಯ ಓದಿ ಖುಷಿಪಡುವಾಗ ಯಾರ ಜಾಗದಲ್ಲಿ ಇರುತ್ತೇವೆ? ವೇದಿಕೆ ಮೇಲಿನ ಫೈನ್‌ಮನ್ ಪಕ್ಕದಲ್ಲಿ. ಕೆಳಗೆ ಕೂತು ಕೇಳಿಸಿಕೊಂಡ ಮೇಷ್ಟ್ರ ಪಕ್ಕದಲ್ಲಿ ಅಲ್ಲ. ಅದೇ ಬ್ರೆಜಿಲ್‌ನ ಸೀಸರ್ ಲಾಟೆಸ್, 1947ರಲ್ಲಿ ಪರಮಾಣುವಿಗಿಂತ ಸಣ್ಣದಾದ ಪಯಾನ್ ಕಣವನ್ನು ಕಂಡುಹಿಡಿದ ತಂಡದಲ್ಲಿದ್ದರು. ರಿಯೋದಲ್ಲಿ ಭೌತಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದವರಲ್ಲಿ ಅವರೂ ಒಬ್ಬರು. ಫೈನ್‌ಮನ್ ಹೇಳಿದ್ದು ಕಾಲೇಜಿನ ಪಾಠದ ಬಗ್ಗೆ, ಅದು ನಿಜವೂ ಇರಬಹುದು. ಆದರೆ ಆ ಒಂದು ಅಧ್ಯಾಯ ಓದಿದವರ ತಲೆಯಲ್ಲಿ ಉಳಿಯುವ ಬ್ರೆಜಿಲ್‌ನಲ್ಲಿ ಲಾಟೆಸ್‌ಗೆ ಜಾಗವೇ ಇಲ್ಲ. ಒಳ್ಳೆ ಕಥೆಯ ತೊಂದರೆ ಅದು. ಇನ್ನೊಂದು ಮಾತು. ಫೈನ್‌ಮನ್ ಬ್ರೆಜಿಲ್ ಒಂದನ್ನೇ ಬೈದಿಲ್ಲ. ಕ್ಯಾಲಿಫೋರ್ನಿಯಾದ ಪಠ್ಯಪುಸ್ತಕ ಆಯ್ಕೆ ಸಮಿತಿಯ ಕಥೆಯೂ ಇದೆ. ಅಲ್ಲಿ ಒಂದು ಪುಸ್ತಕ ಅಚ್ಚಾಗಿರಲಿಲ್ಲ, ಒಳಗೆ ಖಾಲಿ ಹಾಳೆ. ಅದಕ್ಕೂ ಸಮಿತಿಯ ಕೆಲವರು ಅಂಕ ಕೊಟ್ಟಿದ್ದರು. ಅದೇ ಮಾಲೆಯ ಉಳಿದ ಎರಡು ಭಾಗಗಳಿಗಿಂತ ಸ್ವಲ್ಪ ಜಾಸ್ತಿಯೇ!

ಈಗ ಸಹೋದ್ಯೋಗಿಗಳ ಕಡೆ ಬರೋಣ. ಅವರೂ ಓದುಗರೇ ತಾನೆ. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ಫೈನ್‌ಮನ್ ಅವರ ಹತ್ತಿರದಲ್ಲೇ ಕೂರುತ್ತಿದ್ದವರು ಮರ್ರೆ ಗೆಲ್‌ಮನ್, ಅವರಿಗೂ ನೊಬೆಲ್ ಬಂದಿತ್ತು. ಪುಸ್ತಕದಲ್ಲಿ ಫೈನ್‌ಮನ್ ಒಂದು ಕಡೆ ಹೇಳುತ್ತಾರೆ: ಪರಮಾಣುವಿನೊಳಗಿನ ದುರ್ಬಲ ಬಲದ (ಕೆಲವು ಪರಮಾಣುಗಳು ವಿಕಿರಣ ಸೂಸಲು ಕಾರಣವಾಗುವ ಬಲ) ನಿಯಮ ಹೊಳೆದ ಆ ಹೊತ್ತಿನಲ್ಲಿ, ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ನಿಸರ್ಗದ ನಿಯಮವೊಂದು ನನಗೆ ಗೊತ್ತಿತ್ತು ಅಂತ. ಗೆಲ್‌ಮನ್ ಕೆಂಡವಾದರು. ಆ ಪ್ರಬಂಧ ಇಬ್ಬರ ಹೆಸರಲ್ಲೂ ಬಂದಿತ್ತಲ್ಲ! ಮೊಕದ್ದಮೆ ಹಾಕುತ್ತೇನೆ ಅಂದರಂತೆ. ಆಮೇಲಿನ ಮುದ್ರಣಗಳಲ್ಲಿ ಒಂದು ವಾಕ್ಯ ಸೇರಿತು. ಗೆಲ್‌ಮನ್, ಅವರ ಜೊತೆಗೆ ಸುದರ್ಶನ್ ಮತ್ತು ಮಾರ್ಶಕ್ ಕೂಡ ಅದನ್ನೇ ಕಂಡುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು, ಅದರಿಂದ ನನ್ನ ಖುಷಿಗೇನೂ ಕಡಿಮೆಯಾಗಲಿಲ್ಲ ಅಂತ.

ಆ ಸುದರ್ಶನ್ ಯಾರು? ಕೇರಳದ ಕೊಟ್ಟಾಯಂ ಕಡೆಯ ಇ. ಸಿ. ಜಿ. ಸುದರ್ಶನ್. 1957ರಲ್ಲಿ, ಇನ್ನೂ ಪಿಎಚ್‌ಡಿ ವಿದ್ಯಾರ್ಥಿ ಆಗಿದ್ದಾಗಲೇ, ಗುರು ಮಾರ್ಶಕ್ ಜೊತೆ ಆ ಸಿದ್ಧಾಂತ ಕಟ್ಟಿದವರು. ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದರು. ಅವರ ಹೆಸರು ಈ ಪುಸ್ತಕದೊಳಗೆ ಬಂದದ್ದು ಕಂಸದೊಳಗಿನ ವಾಕ್ಯವಾಗಿ, ಅದೂ ಬೇರೆಯವರ ಸಿಟ್ಟಿನಿಂದ. ನಗುತ್ತಾ ಓದುವವರ ಕಣ್ಣಿಗೆ ಅದು ಬೀಳುವುದು ಕಷ್ಟ. ನಾವಾದರೂ ಅಲ್ಲಿ ಸ್ವಲ್ಪ ನಿಲ್ಲಬೇಕು.

ಫೈನ್‌ಮನ್ 1988ರಲ್ಲಿ ತೀರಿಕೊಂಡರು. ಮರುವರ್ಷ ಗೆಲ್‌ಮನ್ ಬರೆದ ನೆನಪಿನ ಲೇಖನದಲ್ಲೂ ಆ ಹಳೆಯ ಮುನಿಸು ಇದೆ. ತಮ್ಮ ಬಗ್ಗೆ ಕಥೆಗಳು ಹುಟ್ಟುವ ಹಾಗೆ ಮಾಡುವುದರಲ್ಲೇ ಫೈನ್‌ಮನ್ ಬಹಳ ಹೊತ್ತು, ಬಹಳ ಶ್ರಮ ಕಳೆದರು ಅಂತ ಬರೆದರು. ಸತ್ತವರ ಬಗ್ಗೆ ಹೀಗಾ ಬರೆಯೋದು ಅಂತ ನಿಮಗೆ ಅನಿಸಬಹುದು. ನನಗೆ ಅದು ಪ್ರಾಮಾಣಿಕ ಅನಿಸುತ್ತೆ. ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಕೂತವರಿಗೆ ನಮಗೆ ಕಾಣದ್ದು ಕಂಡಿರುತ್ತೆ.

ಅದೇ 1989ರಲ್ಲಿ, 'ಫಿಸಿಕ್ಸ್ ಟುಡೇ' ಪತ್ರಿಕೆಗೆ ಬಿ. ಎಫ್. ಚಾವೊ ಅನ್ನುವ ಭೂಭೌತ ವಿಜ್ಞಾನಿಯ ಪತ್ರ ಬಂತು. ಈ ಪುಸ್ತಕಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ತಟ್ಟೆಯ ಕಥೆ ಗೊತ್ತಲ್ವಾ? ಫೈನ್‌ಮನ್ ಆಗ ಪಾಠ ಮಾಡುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಕೆಫೆಟೇರಿಯಾದಲ್ಲಿ ಯಾರೋ ತಟ್ಟೆಯನ್ನು ಮೇಲಕ್ಕೆ ಎಸೆಯುತ್ತಾರೆ. ಅದು ತಿರುಗುತ್ತಾ ಓಲಾಡುತ್ತೆ. ತಟ್ಟೆಯ ಮೇಲಿನ ಮುದ್ರೆ ತಿರುಗುವ ವೇಗ ಓಲಾಟದ ವೇಗದ ಎರಡರಷ್ಟು ಅಂತ ಫೈನ್‌ಮನ್ ಗಮನಿಸುತ್ತಾರೆ, ಸಮೀಕರಣ ಬಿಡಿಸುತ್ತಾರೆ. ಇದರಿಂದ ಏನು ಉಪಯೋಗ ಅಂತ ಅಲ್ಲಿನ ಹಿರಿಯ ಭೌತವಿಜ್ಞಾನಿ ಹಾನ್ಸ್ ಬೆಥೆ ಕೇಳಿದರೆ, ಏನೂ ಇಲ್ಲ, ಮಜಾ ಅಷ್ಟೇ ಅನ್ನುತ್ತಾರೆ. ಆ ಆಟವೇ ಎಲೆಕ್ಟ್ರಾನ್‌ಗಳ ಕಡೆ ಎಳೆದುಕೊಂಡು ಹೋಗಿ ನೊಬೆಲ್ ಕೊಡಿಸಿತು ಅನ್ನುವುದು ಕಥೆ. ಚಾವೊ ಲೆಕ್ಕ ಹಾಕಿ ತೋರಿಸಿದರು, ಇದು ತಿರುಗುಮುರುಗಾಗಿದೆ ಅಂತ. ಓಲಾಟವೇ ತಿರುಗುವಿಕೆಯ ಎರಡರಷ್ಟು. ತಟ್ಟೆ ಎಸೆದು ನೋಡಿದರೂ ಹಾಗೆಯೇ ಬರುತ್ತೆ.

ಸಣ್ಣ ವಿಷಯ ಅನ್ನಬೇಡಿ. ಈ ಪುಸ್ತಕದಲ್ಲಿ ಹೊರಗಿನವರು ತಾವೇ ಪರೀಕ್ಷೆ ಮಾಡಿ ನೋಡಬಹುದಾದ ಕಥೆಗಳು ಬಹಳ ಕಡಿಮೆ. ಪರೀಕ್ಷೆ ಮಾಡಿದ ಒಂದರಲ್ಲೇ ನೆನಪು ಉಲ್ಟಾ ಹೊಡೆದಿದೆ. ಹಾಗಾದರೆ ಕರ್ನಲ್ ಸುತ್ತೋಲೆಯಲ್ಲಿ ನಿಜವಾಗಿ ಏನಿತ್ತು? ಡೀನ್ ಹೆಂಡತಿ ಹಾಗೆಯೇ ನಕ್ಕರಾ? ಇದನ್ನು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಲವತ್ತು ವರ್ಷದ ಹಿಂದಿನದನ್ನು ಡ್ರಮ್ ಪಕ್ಕದಲ್ಲಿ ಕೂತು ಗೆಳೆಯನಿಗೆ ಹೇಳಿದ್ದು. ಮಜಾ ಏನೆಂದರೆ, ಪುಸ್ತಕದ ಕೊನೆಯ ಅಧ್ಯಾಯ 1974ರ ಕ್ಯಾಲ್ಟೆಕ್ ಘಟಿಕೋತ್ಸವದ ಭಾಷಣ. ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ, ಎಲ್ಲರಿಗಿಂತ ಸುಲಭವಾಗಿ ಮೋಸ ಹೋಗುವುದು ನೀವೇ ಅಂತ ಅದರಲ್ಲಿ ಎಚ್ಚರಿಕೆ ಇದೆ. ಚಾವೊ ಒಳ್ಳೆಯ ಓದುಗರು, ಆ ಎಚ್ಚರಿಕೆಯನ್ನು ಪುಸ್ತಕದ ಮೇಲೆಯೇ ಪ್ರಯೋಗಿಸಿದರು.

ಕನ್ನಡದ ಓದುಗರಿಂದ ಬರುವ ದೂರು ಇನ್ನೊಂದಿದೆ. ಇಷ್ಟು ದೊಡ್ಡ ವಿಜ್ಞಾನಿ, ಪುಸ್ತಕದಲ್ಲಿ ವಿಜ್ಞಾನ ಎಲ್ಲಿ ಅಂತ. ಈ ದೂರು ನಮ್ಮಲ್ಲಿ ಏಳುವುದು ಸಹಜ, ಯಾಕಂದರೆ ನಾವು ಬಿ. ಜಿ. ಎಲ್. ಸ್ವಾಮಿಯವರನ್ನು ಓದಿ ಬೆಳೆದವರು. 'ಹಸುರು ಹೊನ್ನು' ಓದಿ ನಕ್ಕು ಮುಗಿಸುವಷ್ಟರಲ್ಲಿ ಹತ್ತಾರು ಗಿಡಗಳ ಪರಿಚಯ ಆಗಿರುತ್ತೆ, ಅವರೇ ಬರೆದ ಚಿತ್ರಗಳ ಸಮೇತ. ಸ್ವಾಮಿಯವರ ನಗೆ ಸಸ್ಯಶಾಸ್ತ್ರದ ಒಳಗೇ ಇದೆ. ಫೈನ್‌ಮನ್ ಪುಸ್ತಕದಲ್ಲಿ ಭೌತಶಾಸ್ತ್ರ ಹೆಚ್ಚಾಗಿ ಬಾಗಿಲ ಹೊರಗೆ ನಿಂತಿದೆ. ಆದರೆ ಇರುವೆಗಳ ಭಾಗ ಇನ್ನೊಮ್ಮೆ ಓದಿ. ಸ್ನಾನದ ತೊಟ್ಟಿಯ ಹತ್ತಿರ ಸಕ್ಕರೆ ಇಟ್ಟು, ಇರುವೆ ವಾಪಸ್ ಹೋಗುವ ದಾರಿಯ ಹಿಂದೆಯೇ ಬಣ್ಣದ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಾರೆ. ಮೊದಲ ಇರುವೆಯ ದಾರಿ ವಕ್ರ. ಹಿಂದೆ ಬಂದವು ಸ್ವಲ್ಪ ಸ್ವಲ್ಪ ನೇರ ಮಾಡುತ್ತವೆ. ಅವರ ಕ್ಷೇತ್ರವಲ್ಲದ ಕಡೆಯಲ್ಲೇ ವಿಜ್ಞಾನ ಚೆನ್ನಾಗಿ ಕಾಣಿಸುತ್ತೆ.

ಇನ್ನು ಎಲ್ಲರೂ ಕಾಯುತ್ತಿರುವ ವಿಷಯ. ಬಾರ್ ಅಧ್ಯಾಯ.

ನ್ಯೂ ಮೆಕ್ಸಿಕೋದ ಬಾರ್ ಒಂದರಲ್ಲಿ ಫೈನ್‌ಮನ್‌ಗೆ ಒಬ್ಬರು ಪಾಠ ಹೇಳಿಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಏನನ್ನೂ ಕೊಡಿಸಬೇಡ, ಮರ್ಯಾದೆ ತೋರಿಸಬೇಡ, ಮೊದಲು ಜೊತೆಗೆ ಬರುತ್ತೀಯಾ ಅಂತ ನೇರವಾಗಿ ಕೇಳು ಅಂತ. ಇವರು ಪ್ರಯೋಗ ಮಾಡುತ್ತಾರೆ. ಸ್ಯಾಂಡ್‌ವಿಚ್ ಕೊಡಿಸಿಕೊಂಡು ಬೇರೆ ಕಡೆ ಹೊರಟ ಹೆಂಗಸಿಗೆ ಹೊಲಸು ಮಾತು ಆಡುತ್ತಾರೆ. ಅದನ್ನೂ ತಿಜೋರಿ ತೆರೆದ ಕಥೆಯ ದನಿಯಲ್ಲೇ ಹೇಳುತ್ತಾರೆ. ನನಗೆ ಕಾಡುವುದು ಆ ದನಿ. ಬೀಗಕ್ಕೆ ಹೂಡಿದ ಉಪಾಯವನ್ನೇ ಮನುಷ್ಯರ ಮೇಲೂ ಹೂಡಿದ ಹಾಗೆ.

ಫೈನ್‌ಮನ್ ಪರ ನಿಲ್ಲುವವರು ಕೊನೆಯ ಸಾಲು ತೋರಿಸುತ್ತಾರೆ. ಆ ಪಾಠ ಕೆಲಸ ಮಾಡಿತು, ಆದರೆ ಆಮೇಲೆ ನಾನು ಅದನ್ನು ಬಳಸಲಿಲ್ಲ, ಹಾಗೆ ಮಾಡುವುದು ನನಗೆ ಇಷ್ಟವಾಗಲಿಲ್ಲ ಅಂತ ಅವರೇ ಹೇಳಿದ್ದಾರಲ್ಲ ಅಂತ. ಹೌದು, ಹೇಳಿದ್ದಾರೆ. ಇನ್ನು ಕೆಲವರು ತಂಗಿ ಜೋನ್ ಕಥೆ ತರುತ್ತಾರೆ. ಹೆಣ್ಣಿನ ಮಿದುಳಿಗೆ ವಿಜ್ಞಾನ ಆಗಿಬರುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದ ಮನೆಯಲ್ಲಿ, ಅಣ್ಣ ಅವಳನ್ನು ರಾತ್ರಿ ಎಬ್ಬಿಸಿ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋಗಿ ಆಕಾಶದಲ್ಲಿ ಅರೋರಾ ಅನ್ನುವ ಬಣ್ಣದ ಬೆಳಕಿನ ಆಟ ತೋರಿಸಿದ. ಆಕೆ ಮುಂದೆ ಅದನ್ನೇ ಅಧ್ಯಯನ ಮಾಡುವ ಖಭೌತ ವಿಜ್ಞಾನಿಯಾದರು. ಇದೂ ನಿಜ. ಆದರೆ ಒಂದು ನಿಜವನ್ನು ಇನ್ನೊಂದರಿಂದ ಕಳೆದು ಸೊನ್ನೆ ತರಲು ಆಗುವುದಿಲ್ಲ. ಬಾರ್‌ನಲ್ಲಿದ್ದ ಆ ಹೆಂಗಸು ಕರ್ನಲ್ ಅಲ್ಲ. ಅವಳಿಗೆ ಹೆಸರಿಲ್ಲ, ಅವಳ ಕಡೆಯ ಕಥೆ ಟೇಪ್ ಮಾಡಿಕೊಂಡವರಿಲ್ಲ. ಈ ಅಧ್ಯಾಯ ಓದುವ ಹೆಣ್ಣುಮಕ್ಕಳು ತಾವೇ ಫೈನ್‌ಮನ್ ಅಂದುಕೊಂಡು ಓದುವುದು ಹೇಗೆ? ಅಲ್ಲಿಯವರೆಗೆ ರೇಡಿಯೋ ರಿಪೇರಿ ಮಾಡುವ ಹುಡುಗನಾಗಿ ಬಂದವಳಿಗೆ ಇಲ್ಲಿ ಜಾಗ ಬದಲಾಗಿಬಿಡುತ್ತೆ. ಆ ಕಾಲವೇ ಹಾಗಿತ್ತು ಅನ್ನುವ ಉತ್ತರ ನನಗೆ ಸಾಲದು. ಪುಸ್ತಕ ಬಂದದ್ದು 1985ರಲ್ಲಿ.

ಪುಸ್ತಕವನ್ನು ಅಲ್ಲೇ ಮುಚ್ಚಿಟ್ಟವರಿಗೆ ಆರ್ಲೀನ್ ಬಗ್ಗೆ ಹೇಳಬೇಕು. ಫೈನ್‌ಮನ್ ಅವರ ಮೊದಲ ಹೆಂಡತಿ. ಕ್ಷಯ ರೋಗ. ಅವರು ಲಾಸ್ ಅಲಮೋಸ್‌ನಲ್ಲಿ, ಆಕೆ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿ. ಕೊನೆಯ ದಿನ ಗೆಳೆಯನ ಕಾರು ತಗೊಂಡು ಹೊರಡುತ್ತಾರೆ. ಆ ಗೆಳೆಯ ಕ್ಲೌಸ್ ಫುಕ್ಸ್, ಆಮೇಲೆ ಸೋವಿಯತ್ ಗೂಢಚಾರ ಅಂತ ಸಿಕ್ಕಿಬಿದ್ದವರು. ದಾರಿಯಲ್ಲಿ ಟೈರ್ ಪಂಚರ್. 1945ರ ಜೂನ್ 16ರಂದು ಆಕೆ ತೀರಿಕೊಂಡರು. ವಾಪಸ್ ಬಂದಾಗ ಗೆಳೆಯರು ಕೇಳಿದರೆ, ತೀರಿಕೊಂಡಳು, ಕೆಲಸ ಎಲ್ಲಿಗೆ ಬಂತು ಅನ್ನುತ್ತಾರೆ. ಅಳುವುದಿಲ್ಲ. ಸುಮಾರು ದಿನಗಳಾದ ಮೇಲೆ ಓಕ್ ರಿಜ್‌ನಲ್ಲಿ ಅಂಗಡಿಯೊಂದರ ಕಿಟಕಿಯಲ್ಲಿ ಒಂದು ಚಂದದ ಉಡುಪು ಕಾಣುತ್ತೆ. ಆರ್ಲೀನ್‌ಗೆ ಇದು ಇಷ್ಟವಾಗುತ್ತಿತ್ತು ಅನಿಸುತ್ತೆ. ಆಗ ಅಳು ಬರುತ್ತೆ. ನಾಲ್ಕೈದು ಸಾಲು ಅಷ್ಟೇ. ಮುಂದಿನ ಪುಟದಲ್ಲಿ ಮತ್ತೆ ತಮಾಷೆ. ಇದು ಕಲ್ಲು ಮನಸ್ಸು ಅನ್ನುವವರಿದ್ದಾರೆ. ನನಗೆ ಹಾಗನಿಸಲಿಲ್ಲ. ಎಲ್ಲದಕ್ಕೂ ಕಥೆ ಕಟ್ಟಬಲ್ಲ ಮನುಷ್ಯ ಇದೊಂದನ್ನು ಉದ್ದ ಮಾಡಲಿಲ್ಲ, ಅಷ್ಟೇ.

ಭೌತವಿಜ್ಞಾನಿ ಫ್ರೀಮನ್ ಡೈಸನ್ 1948ರಲ್ಲಿ ಮನೆಗೆ ಬರೆದ ಕಾಗದದಲ್ಲಿ ಫೈನ್‌ಮನ್‌ರನ್ನು ಅರ್ಧ ಮೇಧಾವಿ, ಅರ್ಧ ವಿದೂಷಕ ಅಂದಿದ್ದರು. ಎಷ್ಟೋ ವರ್ಷದ ನಂತರ ಅದನ್ನು ತಿದ್ದಿದರು: ಪೂರ್ತಿ ಮೇಧಾವಿ, ಪೂರ್ತಿ ವಿದೂಷಕ. ಗೆಳೆಯನಾಗಿ ಡೈಸನ್ ಹೇಳಿದ್ದು ಸರಿ. ಓದುಗನಾಗಿ ನನಗೆ ಪುಸ್ತಕದಲ್ಲಿ ಸಿಕ್ಕಿದ್ದು ವಿದೂಷಕನೇ ಜಾಸ್ತಿ. ನನ್ನ ಮಾತು ಇಷ್ಟು. ಈಗ ಪ್ರಶ್ನೆ ಕೇಳಿ.

ಪ್ರಶ್ನೆ: ನೆನಪು ತಪ್ಪಿದ ಕಥೆಗಳು ಸೇರಿದ್ದರೆ ಇದನ್ನು ಆತ್ಮಕಥೆ ಅಂತ ಹೇಗೆ ಕರೆಯೋದು ಸಾರ್?

ಉತ್ತರ: ಫೈನ್‌ಮನ್ ಹಾಗೆ ಕರೆದೇ ಇಲ್ಲ. ಒಬ್ಬ ಕುತೂಹಲದ ಆಸಾಮಿಯ ಸಾಹಸಗಳು ಅಂತ ಉಪಶೀರ್ಷಿಕೆ ಇದೆ. ನೆಂಟರ ಮನೆ ಜಗುಲಿಯಲ್ಲಿ ಕೂತು ದೊಡ್ಡಪ್ಪ ಹೇಳುವ ಕಥೆಗೆ ನಾವು ಸಾಕ್ಷಿ ಕೇಳುತ್ತೇವಾ? ಇಲ್ಲ. ಆದರೆ ಅದೇ ದೊಡ್ಡಪ್ಪ ನಿಮ್ಮ ಅತ್ತೆ ಬಗ್ಗೆ ಏನೋ ಹೇಳಿ ನಗಿಸಿದರೆ, ಅತ್ತೆಯನ್ನೂ ಒಂದು ಮಾತು ಕೇಳಬೇಕಾಗುತ್ತೆ.

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿ. ಈ ಪುಸ್ತಕ ಕೊಡಬಹುದಾ? ಬಾರ್ ಅಧ್ಯಾಯದ್ದೇ ಯೋಚನೆ.

ಉತ್ತರ: ಪುಟ ಅಂಟಿಸಿ ಕೊಡಬೇಡಿ ಮೇಡಂ, ಮೊದಲು ಅದನ್ನೇ ಬಿಚ್ಚಿ ನೋಡುತ್ತಾಳೆ. ರೇಡಿಯೋ, ಇರುವೆ, ತಿಜೋರಿ, ಬ್ರೆಜಿಲ್, ಪಠ್ಯಪುಸ್ತಕದ ಸಮಿತಿ, ಇಷ್ಟನ್ನು ಮೊದಲು ಓದು ಅನ್ನಿ. ಬಾರ್ ಅಧ್ಯಾಯಕ್ಕೆ ಒಂದಿನ ಅವಳೇ ಬರುತ್ತಾಳೆ. ಆಗ ಜಗಳ ಆಡಲಿ, ನೀವೂ ಜೊತೆಗೆ ಕೂತು ಆಡಿ. ಅಷ್ಟರೊಳಗೆ ಒಂದು ಕೆಲಸ ಮಾಡಿ. ಬ್ರೆಜಿಲ್ ಭಾಗದಲ್ಲಿ ಸಕ್ಕರೆ ಹರಳಿನ ಬೆಳಕಿನ ಮಾತು ಬರುತ್ತಲ್ಲ, ಅದಕ್ಕೆ ನಮ್ಮ ಕಲ್ಲುಸಕ್ಕರೆ ಸಾಕು. ರಾತ್ರಿ ಕೋಣೆಯ ದೀಪ ಎಲ್ಲ ಆರಿಸಿ, ಮೊಬೈಲ್ ಕೂಡ ಆಚೆ ಇಡಿ. ಕಣ್ಣು ಕತ್ತಲೆಗೆ ಒಗ್ಗಲು ಒಂದು ಹತ್ತು ನಿಮಿಷ ಸುಮ್ಮನೆ ಕೂತಿರಿ. ಆಮೇಲೆ ಇಕ್ಕಳದಲ್ಲಿ ಕಲ್ಲುಸಕ್ಕರೆ ಹಿಡಿದು ಒತ್ತಿ ಪುಡಿ ಮಾಡಲಿ. ಒಡೆಯುವ ಕ್ಷಣದಲ್ಲಿ ನೀಲಿಯ ಮಿಂಚು ಕಾಣುತ್ತೆ, ತೀರಾ ಸಣ್ಣದು. ಚೂರು ಕಣ್ಣಿಗೆ ಹಾರದ ಹಾಗೆ ಕನ್ನಡಕ ಹಾಕಿಸಿ. ನೆಲ ಒರೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆ ಅಧ್ಯಾಯವೂ ಶುರುವಾಗಿರುತ್ತೆ.